ಯಾರಿಗೆ ಹೇಳಬೇಕಿತ್ತು ಮಿಸ್?

ನಮ್ಮ ಕಡೆಯ ಹೆಣ್ಣುಮಕ್ಕಳ ಪ್ರೌಢಶಾಲೆಗಳಲ್ಲಿ ವರ್ಷಕ್ಕೊಮ್ಮೆ ವ್ಯಕ್ತಿತ್ವ ವಿಕಸನ ಶಿಬಿರ ನಡೆಯುತ್ತದೆ. ಶಾಮಿಯಾನ, ಬ್ಯಾನರು, ಮೈಸೂರಿನಿಂದ ಕಾರಿನಲ್ಲಿ ಬರುವ ಭಾಷಣಕಾರರು. ಅವರು ಮಕ್ಕಳನ್ನು ಎದ್ದು ನಿಲ್ಲಿಸಿ 'ನನ್ನಿಂದ ಸಾಧ್ಯ' ಎಂದು ಮೂರು ಸಲ ಕೂಗಿಸುತ್ತಾರೆ. ಮಕ್ಕಳೂ ಖುಷಿಯಿಂದ ಕೂಗುತ್ತಾರೆ, ಆ ದಿನ ಗಣಿತದ ಪೀರಿಯಡ್ ಇರುವುದಿಲ್ಲವಲ್ಲ. ಹಾರ, ಶಾಲು, ಹಣ್ಣಿನ ಬುಟ್ಟಿ, ಗ್ರೂಪ್ ಫೋಟೊ. ಸಂಜೆಯ ಹೊತ್ತಿಗೆ ಎಲ್ಲರ ವ್ಯಕ್ತಿತ್ವವೂ ವಿಕಸನಗೊಂಡಿರುತ್ತದೆ.

ನನಗೆ ಈ ಶಿಬಿರಗಳ ಮೇಲೆ ಸಿಟ್ಟಿದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ನಾಲ್ಕೂ ಕಡೆ ಕನ್ನಡ ಪಾಠ ಮಾಡಿದವಳು ನಾನು. ಇಂಥ ಹತ್ತಾರು ಶಿಬಿರಗಳಲ್ಲಿ ಸ್ವಾಗತ ಭಾಷಣ ಮಾಡಿದ ಪಾಪವೂ ನನ್ನದೇ. ಒಂದು ವರ್ಷ ವಂದನಾರ್ಪಣೆ ಮಾಡಿದವಳು ಒಂಬತ್ತನೇ ತರಗತಿಯ ಒಬ್ಬ ಹುಡುಗಿ. ಹೆಸರು ಬೇಡ. ಚೆನ್ನಾಗಿ ಮಾತಾಡಿದಳು, ಭಾಷಣಕಾರರು ಅವಳಿಗೆ ಪೆನ್ನು ಕೊಟ್ಟರು. ಸಂಕ್ರಾಂತಿ ಕಳೆದ ಮೇಲೆ ಅವಳು ಶಾಲೆಗೆ ಬರಲಿಲ್ಲ. ವರ್ಷ ಕಳೆದು ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಳು, ಕೊರಳಲ್ಲಿ ತಾಳಿ, ಕಂಕುಳಲ್ಲಿ ಕೂಸು.

"ಒಂದು ಮಾತು ಹೇಳಬಾರದಿತ್ತೇನವ್ವಾ?" ಅಂದೆ.

"ಯಾರ್ಗೆ ಹೇಳ್ಬೇಕಿತ್ತು ಮಿಸ್?"

ಕುಟುಕುವುದಕ್ಕೆ ಕೇಳಿದ್ದಲ್ಲ ಅದು. ನಿಜಕ್ಕೂ ಗೊತ್ತಿಲ್ಲದೆ ಕೇಳಿದಳು. ಆಗ ನೆನಪಾಯಿತು: ಡಿಸೆಂಬರಿನಲ್ಲಿ ಎರಡು ಸಲ ನೋಟ್ಸು ಹಿಡಿದು ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತಿದ್ದಳು. ನಾನು ಸ್ಯಾಟ್ಸ್‌ಗೆ ಹಾಜರಾತಿ ತುಂಬುತ್ತಿದ್ದೆ. ತಲೆಯೆತ್ತದೆ "ಆಮೇಲೆ ಬಾರಮ್ಮ" ಅಂದಿದ್ದೆ.

ನಮ್ಮ ಶಾಲೆಗಳಲ್ಲಿ ಎಲ್ಲಕ್ಕೂ ಒಬ್ಬರಿದ್ದಾರೆ. ಗಣಿತಕ್ಕೆ, ವಿಜ್ಞಾನಕ್ಕೆ, ಬಿಸಿಯೂಟಕ್ಕೆ, ಎಸ್ಸೆಸ್ಸೆಲ್ಸಿಯಲ್ಲಿ ಹಿಂದುಳಿದವರನ್ನು ಎಳೆದು ಪಾಸು ಮಾಡಿಸುವುದಕ್ಕೆ. ಹುಡುಗಿ ಬಾಗಿಲಲ್ಲಿ ಬಂದು ನಿಂತರೆ ಕೆಲಸ ಬಿಟ್ಟು ಎದ್ದು ಹೋಗುವುದಕ್ಕೆ ಮಾತ್ರ ಯಾರೂ ಇಲ್ಲ.

ಇದರಿಂದ ಏನಾಗುತ್ತದೆ ಎನ್ನುವುದಕ್ಕೆ ಹೊಗೆಸೊಪ್ಪಿನ ಉದಾಹರಣೆ ಸಾಕು. ಹುಣಸೂರು, ಪಿರಿಯಾಪಟ್ಟಣದ ಕಡೆಯವರಿಗೆ ವಿವರಿಸಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಮುಂಗಾರಿನ ಮೊದಲ ಮಳೆಗೆ ಸಸಿ ನೆಡುತ್ತಾರೆ. ಜುಲೈ ಹೊತ್ತಿಗೆ ಸೊಪ್ಪು ಮುರಿಯುವುದು, ಕಡ್ಡಿಗೆ ಕಟ್ಟುವುದು, ಬ್ಯಾರನ್ನಿಗೆ ಏರಿಸಿ ರಾತ್ರಿಯಿಡೀ ಸೌದೆಯ ಬೆಂಕಿ ಕಾಯುವುದು. ಮನೆಮಂದಿಯೆಲ್ಲ ಕೈ ಹಚ್ಚಬೇಕು. ಹುಡುಗಿ ನಸುಕಿಗೇ ಎದ್ದು, ಮಂಜು ಹನಿಯುವ ಸೊಪ್ಪನ್ನು ತಬ್ಬಿ ಹೊತ್ತು ಹಾಕಿ, ಆಮೇಲೆ ಬಸ್ಸು ಹಿಡಿದು ಶಾಲೆಗೆ ಬರುತ್ತಾಳೆ. ಒದ್ದೆ ಎಲೆಯ ನಿಕೋಟಿನ್ ಚರ್ಮದ ಮೂಲಕವೇ ಮೈಗಿಳಿಯುತ್ತದೆ. ತಲೆಸುತ್ತು, ಹೊಟ್ಟೆ ತೊಳಸುವುದು, ವಾಂತಿ. ಇದು ವೈದ್ಯರಿಗೆ ಗೊತ್ತಿರುವ ಕಾಯಿಲೆ, ಬೆಳೆಗಾರರಿಗೂ ಗೊತ್ತು. ಆದರೆ ಹದಿನೈದರ ಹುಡುಗಿ ಎರಡನೇ ಪೀರಿಯಡ್ಡಿನಲ್ಲಿ ಎದ್ದು ಹೊರಗೋಡಿ ವಾಂತಿ ಮಾಡಿದರೆ ಸ್ಟಾಫ್ ರೂಮಿನಲ್ಲಿ ಮೊದಲು ಏಳುವ ಪಿಸುಮಾತು ಏನೆಂದು ನಾನು ಹೇಳಬೇಕೆ? "ಮನೆಯಿಂದ ಯಾರನ್ನಾದರೂ ಕರೆಸಿ" ಅನ್ನುತ್ತೇವೆ. ಅಪ್ಪ ಬರುತ್ತಾನೆ, ತಲೆ ತಗ್ಗಿಸಿ ಕೇಳುತ್ತಾನೆ, ಮಗಳನ್ನು ಕರೆದುಕೊಂಡು ಹೋಗುತ್ತಾನೆ. ಆ ಮನೆಯಲ್ಲಿ ಆ ರಾತ್ರಿಯಿಂದಲೇ ಗಂಡು ಹುಡುಕುವುದು ಶುರು. "ಬೆಳಿಗ್ಗೆ ಏನು ಕೆಲಸ ಮಾಡಿದೆಯವ್ವಾ?" ಎಂಬ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ಎಚ್.ಡಿ. ಕೋಟೆಯ ಹಾಡಿಗಳ ಕತೆ ಬೇರೆ. ಕಾಫಿ ಹಣ್ಣು ಬಿಡಿಸುವ ಕಾಲಕ್ಕೆ ತಂದೆತಾಯಿ ಕೊಡಗಿನ ತೋಟಗಳ ಲೈನ್‌ಮನೆ ಸೇರುತ್ತಾರೆ. ಆಶ್ರಮ ಶಾಲೆ ಮುಗಿಸಿ ಪೇಟೆಯ ಹಾಸ್ಟೆಲಿಗೆ ಬಂದ ಜೇನುಕುರುಬರ ಹುಡುಗಿಗೆ ಹಬ್ಬಕ್ಕೆ ಹೋಗಲು ಮನೆಯೇ ಇರುವುದಿಲ್ಲ. ಹಾಸ್ಟೆಲ್ ಬಿಟ್ಟು ತಾಯಿಯನ್ನು ಹುಡುಕಿಕೊಂಡು ಹೊರಟರೆ ನಮ್ಮ ರಿಜಿಸ್ಟರಿನಲ್ಲಿ ಅವಳು 'ದೀರ್ಘ ಗೈರು'.

ಹಾಗಾದರೆ ನಾವು ಕಾಳಜಿಯನ್ನೇ ಮಾಡುವುದಿಲ್ಲವೆ? ಮಾಡುತ್ತೇವೆ, ಕಾವಲಿನ ರೂಪದಲ್ಲಿ. ಎತ್ತರದ ಕಾಂಪೌಂಡು, ಮೇಲೆ ಗಾಜಿನ ಚೂರು, ಎರಡು ಜಡೆ, ಪಿನ್ನು ಹಾಕಿದ ವೇಲು, ಬ್ಯಾಗ್ ತಪಾಸಣೆ, ಗೇಟಿನ ಹತ್ತಿರ ಬೈಕು ನಿಂತರೆ ಯಾರ ಪೈಕಿ ಎಂಬ ವಿಚಾರಣೆ. ಟಿ.ಸಿ.ಯಲ್ಲಿ 'ನಡತೆ' ಎಂಬ ಕಾಲಂ ಇದೆ. ಮಗು ಹೇಗಿತ್ತು, ಏನು ಸಹಿಸಿತು ಎನ್ನುವುದಕ್ಕೆ ಒಂದು ಗೆರೆಯೂ ಇಲ್ಲ. ಕಾವಲು ಬೇಡವೆನ್ನುತ್ತಿಲ್ಲ, ಹೆಣ್ಣುಮಕ್ಕಳ ಶಾಲೆಗೆ ಗೋಡೆ ಏಕೆ ಬೇಕು ಎಂದು ನನಗೂ ಗೊತ್ತು. ಆದರೆ ಕಾಯುವವಳಿಗೆ ಯಾವ ಹುಡುಗಿಯೂ ಗುಟ್ಟು ಹೇಳುವುದಿಲ್ಲ.

ನನ್ನ ಸಹೋದ್ಯೋಗಿಗಳು ಇದಕ್ಕೆ ಕೊಡುವ ಉತ್ತರ ಒಂದೇ: "ನಾವೇ ಅವರಿಗೆ ತಾಯಂದಿರ ಹಾಗೆ ಇದ್ದೇವಲ್ಲ." ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ತೊಡಕಿರುವುದೂ ಅಲ್ಲೇ. ಅವಳ ತಾಯಿ ಮನೆಯಲ್ಲಿದ್ದಾಳೆ. ತಾಯಿಗೆ ಹೇಳಲಾಗದ್ದನ್ನು ತಾನೆ ಅವಳು ಶಾಲೆಗೆ ಹೊತ್ತು ತರುವುದು? ಮುಟ್ಟು ನಿಂತ ಭಯ, ಸೋದರಮಾವನ ಕೈ, ಮೇ ತಿಂಗಳಿಗೆ ಗೊತ್ತಾದ ಮದುವೆ. ನಾವೂ ತಾಯಿಯೇ ಆದರೆ ತಾಯಿ ಹೇಳಿದ್ದನ್ನೇ ಹೇಳುತ್ತೇವೆ: ಸುಮ್ಮನಿರು, ಮರ್ಯಾದೆ.

ಕಾನೂನಿದೆ ಅನ್ನುವವರಿದ್ದಾರೆ. ಇದೆ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ಕರ್ನಾಟಕ ತಿದ್ದುಪಡಿ ತಂದು ಅಂಥ ಮದುವೆ ಮೂಲದಲ್ಲೇ ಅಸಿಂಧು ಎಂದಿತು. 1098 ಗೋಡೆಯ ಮೇಲೆ ಬರೆದಿದೆ. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ 20ರಿಂದ 24ರ ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಮಂದಿ ಹದಿನೆಂಟು ತುಂಬುವ ಮೊದಲೇ ಮದುವೆಯಾದವರು. ಅದರ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ. ಫೋನ್ ಮಾಡಿದರೆ ಜೀಪು ಬರುತ್ತದೆ, ಮುಚ್ಚಳಿಕೆ ಬರೆಸಿಕೊಂಡು ಹೋಗುತ್ತದೆ, ಪೇಪರಿನಲ್ಲಿ ನಾಲ್ಕು ಸಾಲು ಸುದ್ದಿ. ಚಪ್ಪರ ಕಿತ್ತ ಮನೆಯಲ್ಲಿ ಆ ಹುಡುಗಿ ಮಾರನೆಯ ದಿನ ಯಾರ ಮುಖ ನೋಡಬೇಕು? ಸೋಮವಾರ ಅವಳು ಶಾಲೆಗೆ ಬಂದರೆ ನಾವು ಕೊಡುವುದು ತಪ್ಪಿಹೋದ ನೋಟ್ಸು.

ಓದುಗರಾದ ನಮಗೂ ಇದರಲ್ಲಿ ಪಾಲಿದೆ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ ತ್ರಿವೇಣಿ 'ಬೆಕ್ಕಿನ ಕಣ್ಣು' ಬರೆದರು, 'ಶರಪಂಜರ' ಬರೆದರು. ಹೆಣ್ಣಿನ ಮನಸ್ಸು ಮನೆಯೊಳಗೇ ಹೇಗೆ ಮುರಿಯುತ್ತದೆ ಎಂದು ಕನ್ನಡಕ್ಕೆ ತಿಳಿಸಿ 1963ರಲ್ಲಿ ತೀರಿಕೊಂಡರು. ಮೂರು ತಲೆಮಾರು ಆ ಕಾದಂಬರಿಗಳನ್ನು ಅತ್ತು ಓದಿತು. ಅಲ್ಲಿಂದ ನಲವತ್ತೈದು ಕಿಲೋಮೀಟರ್ ದೂರದ ಹುಣಸೂರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮನಸ್ಸಿನ ಮಾತಾಡುವುದಕ್ಕೆ ಒಂದು ಕುರ್ಚಿ ಹಾಕಲು ನಮಗೆ ಇನ್ನೂ ಆಗಿಲ್ಲ.

ನಾನು ಕೇಳುತ್ತಿರುವುದು ದೊಡ್ಡದೇನಲ್ಲ. ಸಿಬಿಎಸ್ಇ ತನ್ನ ಪ್ರೌಢಶಾಲೆಗಳಿಗೆ ಆಪ್ತ ಸಮಾಲೋಚಕರು ಇರಲೇಬೇಕು ಎಂದು ನಿಯಮ ಮಾಡಿದೆ. ಫೀಜು ಕಟ್ಟುವ ಮಕ್ಕಳಿಗೆ ಬೇಕಾದ್ದು ಹೊಗೆಸೊಪ್ಪು ಕಟ್ಟುವ ಮಕ್ಕಳಿಗೆ ಬೇಡವೆ? ಸರ್ಕಾರಿ ಹೆಣ್ಣುಮಕ್ಕಳ ಶಾಲೆಗೊಬ್ಬಳು, ಅದಾಗದಿದ್ದರೆ ಎರಡು ಮೂರು ಶಾಲೆಗಳ ನಡುವೆ ಒಬ್ಬಳು ಹೆಂಗಸು. ತರಬೇತಿಯಾದವಳು, ಸಂಬಳ ಪಡೆಯುವವಳು, ಗೌರವಧನಕ್ಕೆ ದುಡಿಯುವವಳಲ್ಲ. ಅವಳಿಗೆ ಫಲಿತಾಂಶದ ಗುರಿ ಕೊಡಬೇಡಿ, ಸ್ಯಾಟ್ಸ್ ಕೊಡಬೇಡಿ, ಮೊಟ್ಟೆಯ ಲೆಕ್ಕ ಕೊಡಬೇಡಿ. ಬಾಗಿಲು ಹಾಕಿಕೊಳ್ಳುವಂಥ ಒಂದು ಕೋಣೆ ಕೊಡಿ. ಜುಲೈನಲ್ಲಿ ಸೊಪ್ಪು ಮುರಿಯುವ ಊರುಗಳಿಗೆ, ಡಿಸೆಂಬರಿನಲ್ಲಿ ಕೊಡಗಿನ ಲೈನ್‌ಮನೆಗಳಿಗೆ ಹೋಗಿ ಬರಲು ಬಸ್ ಚಾರ್ಜು ಕೊಡಿ.

ದುಡ್ಡೆಲ್ಲಿದೆ ಎಂದು ಕೇಳುತ್ತಾರೆ, ಗೊತ್ತು. ಮೊದಲ ಕಂತಿಗೆ ಈ ವರ್ಷದ ಶಾಮಿಯಾನದ ಬಿಲ್ಲು ತೆಗೆದು ನೋಡಿ, ಹಾರ, ಶಾಲು, ಬ್ಯಾನರಿನದನ್ನೂ ಕೂಡಿಸಿ. ನನ್ನ ಸ್ವಾಗತ ಭಾಷಣ ಪುಕ್ಕಟೆಯಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ.