ಕೂಡಿ ಹಾಡುವ ಕಟ್ಟೆ

ಗೋಕಾಕ, ಮೂಡಲಗಿ, ಹುಕ್ಕೇರಿಗಳು ಘಟಪ್ರಭೆಯ ಸೀಮೆಗೆ ಸೇರಿದ ಊರುಗಳು. ಹಗಲೆಲ್ಲ ಹೊಲದಲ್ಲಿ ದುಡಿದವರು ಇರುಳು ಗುಡಿಯ ಕಟ್ಟೆಯ ಮೇಲೆ ನೆರೆದು ಭಜನೆ ಮಾಡುವುದು ಈ ಸೀಮೆಯ ಹಳೆಯ ರೂಢಿ. ಒಬ್ಬನು ಏಕತಾರಿ ಮೀಟುತ್ತಾನೆ. ಇನ್ನೊಬ್ಬನು ದಮ್ಮಡಿ ಬಾರಿಸುತ್ತಾನೆ. ತಾಳಗಳು ಕೈಯಿಂದ ಕೈಗೆ ಸಾಗುತ್ತವೆ. ಮುಂದಾಳು ಶಿಶುನಾಳ ಷರೀಫರ (1819–1889) ತತ್ತ್ವಪದವೊಂದನ್ನು ಎತ್ತಿಕೊಂಡರೆ ಉಳಿದವರು ಅದರ ಪಲ್ಲವಿಯನ್ನು ಹಿಂಬಾಲಿಸುತ್ತಾರೆ. ಅಲ್ಲಿ ಹಾಡುವವರೇ ಕೇಳುವವರು.

ಇಂತಹ ಕೂಟ ಹೊಸದನ್ನು ದೂರವಿಡುವುದಿಲ್ಲ. ಯುರೋಪಿನಿಂದ ಬಂದ ಹಾರ್ಮೋನಿಯಂ ಇಂದು ಭಜನೆಯ ಮನೆಮಗಳಾಗಿದೆ. ಭಾರತದಲ್ಲಿ ಜನರು ‘ಬೆಂಜೊ’ ಎಂದು ಕರೆಯುವ ಬುಲ್‌ಬುಲ್ ತರಂಗದ ಮೂಲವು 1912ರಲ್ಲಿ ಜಪಾನಿನ ನಗೋಯಾದಲ್ಲಿ ರೂಪುಗೊಂಡ ತೈಶೋಗೊತೊ ಎಂಬ ವಾದ್ಯ. ಎಡಗೈ ಗುಂಡಿಗಳನ್ನು ಒತ್ತಿದರೆ ಬಲಗೈ ತಂತಿಗಳನ್ನು ಮೀಟುತ್ತದೆ. ಆಫ್ರಿಕದ ಜನರ ನೆನಪಿನಿಂದ ಅಮೆರಿಕದಲ್ಲಿ ಬೆಳೆದ ಬ್ಯಾಂಜೊ ಬೇರೆಯೇ ವಾದ್ಯ, ಹೆಸರಷ್ಟೇ ಸಮೀಪದ್ದು.

‘ಕಲಿಯದವರ ಹಾಡಿನಲ್ಲಿ ಶ್ರುತಿಯೆಲ್ಲಿ, ಲಯವೆಲ್ಲಿ?’ ಎಂದು ಕೆಲವರು ಕೇಳಬಹುದು. ಗುರುಮುಖದ ಅಭ್ಯಾಸಕ್ಕೆ ಸಾಟಿಯಿಲ್ಲವೆಂಬುದು ನಿಜ. ಆದರೆ ಬೀಜ ಮೊಳೆಯಲು ಹದವಾದ ಮಣ್ಣು ಬೇಕು. ಶ್ರೀಕೃಷ್ಣ ಪಾರಿಜಾತಕ್ಕೆ ಆಟದ ರೂಪವಿತ್ತ ತಮ್ಮಣ್ಣನು ಈ ಸೀಮೆಯ ಕುಲಗೋಡದವನು. ಅದಕ್ಕೆ ನಾಡಿನಲ್ಲಿ ಹೆಸರು ತಂದ ನಿಂಗಮ್ಮ ಕೌಜಲಗಿಯವಳು. ಇರುಳಿಡೀ ಕುಳಿತು ಹಾಡಿನ ಆಟವನ್ನು ಸವಿಯಬಲ್ಲ ಜನರಿಲ್ಲದಿದ್ದರೆ ಅಂತಹ ಕಲೆ ಯಾರ ಮುಂದೆ ಅರಳೀತು? ಆ ರುಚಿಯನ್ನು ಬೆಳೆಸುವುದು ಕಟ್ಟೆಯ ಹಾಡೇ.

ಈ ಕಟ್ಟೆ ಎಲ್ಲ ಕಾಲದಲ್ಲಿಯೂ ಎಲ್ಲರಿಗೂ ತೆರೆದಿರಲಿಲ್ಲ. ಹೆಣ್ಣುಮಕ್ಕಳು ಮರೆಯಲ್ಲಿ ನಿಂತು ಕೇಳಬೇಕಾಗಿದ್ದುದುಂಟು. ಜಾತಿಯ ಕಾರಣದಿಂದ ದೂರ ಉಳಿದವರೂ ಉಂಟು. ಆ ಕೊರತೆಯನ್ನು ತಿದ್ದುವುದೆಂದರೆ ಕಟ್ಟೆಯನ್ನು ಹಿಗ್ಗಿಸುವುದು, ಬರಿದು ಮಾಡುವುದಲ್ಲ.

ಇಂದು ಧ್ವನಿವರ್ಧಕ ಒಂದು ಗುಂಡಿಗೆ ಹಾಡುತ್ತದೆ. ಮೊಬೈಲು ಅಂಗೈಯಲ್ಲಿಯೇ ಸಂಗೀತ ಕೊಡುತ್ತದೆ. ಉತ್ತಮ ಕಲಾವಿದರನ್ನು ಮನೆಯಲ್ಲಿಯೇ ಕೇಳುವುದು ಭಾಗ್ಯವೇ ಸರಿ. ಆದರೆ ಯಂತ್ರವು ಪಕ್ಕದವನ ದನಿಗೆ ತನ್ನ ದನಿಯನ್ನು ತಗ್ಗಿಸುವುದನ್ನು ಕಲಿಸಲಾರದು. ತಾಳ ತಪ್ಪಿದವನನ್ನು ನಗದೆ ಮತ್ತೆ ಲಯಕ್ಕೆ ಕರೆತರುವುದನ್ನೂ ಕಲಿಸಲಾರದು. ಇವು ಸಂಗೀತದ ಪಾಠಗಳಷ್ಟೇ ಅಲ್ಲ, ಸಹಬಾಳ್ವೆಯ ಪಾಠಗಳು. ಆದುದರಿಂದ ಊರಿನ ಎಳೆಯರು ವಾರಕ್ಕೊಂದು ಇರುಳಾದರೂ ಕಟ್ಟೆಯ ಮೇಲೆ ಹಿರಿಯರೊಡನೆ ಕೂಡಬೇಕು. ಕೈಗೆ ಬಂದ ತಾಳವನ್ನು ಮುಂದಿನವರಿಗೆ ದಾಟಿಸುವ ಹೊಣೆ ಅವರದು.