ಪುಡಿಯಿಂದ ಆಯಿಲ್ ದಪ್ಪವಾಗದು

ಎಂಜಿನ್ ಆಯಿಲ್‌ಗೆ ಬೆರೆಸುವ ಕಪ್ಪು ದ್ರವದ ಪುಟ್ಟ ಡಬ್ಬಿಗಳಲ್ಲಿ ಇರುವುದು ಹೆಚ್ಚಾಗಿ ಮಾಲಿಬ್ಡಿನಮ್ ಡೈಸಲ್ಫೈಡ್ ಅಥವಾ ಗ್ರಾಫೈಟ್‌ನ ನುಣ್ಣನೆಯ ಪುಡಿ. ಇದನ್ನು ಸುರಿದರೆ ಆಯಿಲ್ ದಪ್ಪವಾಗಿ ಎಂಜಿನ್ ಸದ್ದು ಅಡಗುತ್ತದೆ ಎನ್ನುವವರಿದ್ದಾರೆ. ತೆಳುವಾಗಿ ಮೈಲೇಜ್ ಏರುತ್ತದೆ ಎನ್ನುವವರೂ ಇದ್ದಾರೆ. ಇಬ್ಬರ ಮಾತೂ ಲೆಕ್ಕಕ್ಕೆ ನಿಲ್ಲುವುದಿಲ್ಲ.

ದ್ರವದಲ್ಲಿ ತೇಲುವ ಕಣಗಳು ಅದರ ಸ್ನಿಗ್ಧತೆಯನ್ನು, ಅಂದರೆ ದಪ್ಪವನ್ನು, ಎಷ್ಟು ಏರಿಸುತ್ತವೆ ಎಂಬುದಕ್ಕೆ ಐನ್‌ಸ್ಟೈನ್ 1906ರಲ್ಲೇ ಸೂತ್ರ ಕೊಟ್ಟು, 1911ರಲ್ಲಿ ಅದನ್ನು ತಿದ್ದಿದ್ದರು. ಕಣಗಳು ಹಿಡಿಯುವ ಜಾಗದ ಪಾಲನ್ನು ಎರಡೂವರೆಯಿಂದ ಗುಣಿಸಿದರೆ ಏರಿಕೆಯ ಪ್ರಮಾಣ ಸಿಗುತ್ತದೆ. ಮಾಲಿಬ್ಡಿನಮ್ ಡೈಸಲ್ಫೈಡ್ ನೀರಿಗಿಂತ ಸುಮಾರು ಐದು ಪಟ್ಟು ಭಾರ. ತೂಕದಲ್ಲಿ ಶೇ 1ರಷ್ಟು ಬೆರೆಸಿದರೂ ಅದು ಹಿಡಿಯುವ ಜಾಗ ಶೇ 0.2ಕ್ಕಿಂತ ಕಡಿಮೆ. ಅಂದರೆ ಸ್ನಿಗ್ಧತೆಯ ಏರಿಕೆ ಶೇ 0.5ರೊಳಗೆ. ಈ ಕಣಗಳು ಗುಂಡಗಿಲ್ಲದೆ ಚಪ್ಪಟೆಯಾಗಿರುವುದರಿಂದ ಇನ್ನೊಂದಿಷ್ಟು ಸೇರಿಸಿಕೊಳ್ಳಿ, ಆದರೂ ನಗಣ್ಯವೇ. 5ಡಬ್ಲ್ಯು-30 ದರ್ಜೆಯ ಆಯಿಲ್ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 9.3ರಿಂದ 12.5 ಸೆಂಟಿಸ್ಟೋಕ್‌ (ಸ್ನಿಗ್ಧತೆಯ ಅಳತೆ) ವರೆಗೆ ಎಲ್ಲಿ ಬೇಕಾದರೂ ಇರಬಹುದು. ಅಷ್ಟು ಅಗಲದ ಪಟ್ಟಿಯಲ್ಲಿ ಈ ವ್ಯತ್ಯಾಸ ಕಣ್ಣಿಗೇ ಬೀಳದು.

ಸ್ನಿಗ್ಧತೆಯನ್ನು ಕದಲಿಸುವುದು ಪುಡಿಯಲ್ಲ, ಅದನ್ನು ಹೊತ್ತ ದ್ರವ. ನಾಲ್ಕು ಲೀಟರ್ ಆಯಿಲ್‌ಗೆ 300 ಮಿಲಿಲೀಟರ್ ತೆಳು ದ್ರವ ಸುರಿದರೆ, ದರ್ಜೆಯ ಕೆಳ ಅಂಚಿನಲ್ಲಿರುವ ಆಯಿಲ್ ಆ ದರ್ಜೆಯಿಂದಲೇ ಜಾರಬಹುದು. ದಪ್ಪ ಪಾಲಿಮರ್ ಬೆರೆತ ದ್ರವವಾದರೆ ಉಲ್ಟಾ. ಹಳೆಯ ಎಂಜಿನ್‌ನ ಸದ್ದು ಅಡಗುವುದು ಇದರಿಂದಲೇ. ಡಬ್ಬಿಯ ಮೇಲಿನ ಹೆಸರು ಮಾತ್ರ ಪುಡಿಯದ್ದು.

ಹಾಗಾದರೆ ಪುಡಿಗೆ ಕೆಲಸವೇ ಇಲ್ಲವೇ? ಇದೆ. ಓಡುತ್ತಿರುವ ಎಂಜಿನ್‌ನ ಬೇರಿಂಗ್‌ಗಳಲ್ಲಿ ಲೋಹಗಳನ್ನು ದೂರವಿಡುವುದು ಆಯಿಲ್ ಪದರವೇ. ಅಲ್ಲಿ ಪುಡಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಆದರೆ ಪಿಸ್ಟನ್ ಮೇಲ್ತುದಿಯಲ್ಲಿ ಕ್ಷಣ ನಿಂತು ತಿರುಗುವಾಗ, ವಾಲ್ವ್ ತೆರೆಯುವ ಕ್ಯಾಮ್‌ನ ಮೂಗು ಒತ್ತುವಾಗ ಆ ಪದರ ಮುರಿಯುತ್ತದೆ. ಆಗ ಒಂದರ ಮೇಲೊಂದು ಸುಲಭವಾಗಿ ಜಾರುವ ಗಂಧಕ-ಮಾಲಿಬ್ಡಿನಮ್ ಹಾಳೆಗಳು ನೆರವಿಗೆ ಬರುತ್ತವೆ. ಕಾರು ತಯಾರಕರು ಇಂಧನ ಉಳಿತಾಯಕ್ಕೆಂದು 0ಡಬ್ಲ್ಯು-20, 0ಡಬ್ಲ್ಯು-16ರಂಥ ತೆಳು ಆಯಿಲ್‌ಗಳತ್ತ ಸಾಗಿದಷ್ಟೂ ಪದರ ಮುರಿಯುವ ಸಂದರ್ಭ ಹೆಚ್ಚುತ್ತದೆ. ಅದಕ್ಕಾಗಿಯೇ ಇಂಥ ಹಲವು ಆಯಿಲ್‌ಗಳಲ್ಲಿ ಕರಗುವ ಮಾಲಿಬ್ಡಿನಮ್ ಸಂಯುಕ್ತವನ್ನು ಕಾರ್ಖಾನೆಯಲ್ಲೇ ಬೆರೆಸಿರುತ್ತಾರೆ. ಪುಡಿಯಂತೆ ಅದು ತಳಕ್ಕಿಳಿಯುವುದೂ ಇಲ್ಲ. ಅದರ ಮೇಲೆ ಮತ್ತೊಂದು ಡಬ್ಬಿ ಸುರಿಯುವುದು ಹಣ ದಂಡ ಎಂದೇ ನನ್ನ ಅಭಿಪ್ರಾಯ.

ಬೈಕ್ ಸವಾರರಿಗೆ ದಂಡ ಹಣಕ್ಕೇ ಮುಗಿಯದು. ನಮ್ಮ ರಸ್ತೆಗಳ ಹೆಚ್ಚಿನ ಬೈಕ್‌ಗಳಲ್ಲಿ ಕ್ಲಚ್ ಪ್ಲೇಟ್‌ಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಅವಕ್ಕೆ ಘರ್ಷಣೆ ಬೇಕು. ಘರ್ಷಣೆ ತಗ್ಗಿಸುವ ಪುಡಿ ಸುರಿದರೆ ಪ್ಲೇಟ್ ಜಾರಬಹುದು, ಆಗ ಆಕ್ಸಿಲರೇಟರ್ ತಿರುಗಿಸಿದರೂ ಪಿಕಪ್ ಬರುವುದಿಲ್ಲ. ಬೈಕ್ ಆಯಿಲ್ ಡಬ್ಬಿಯ ಮೇಲೆ ಜಪಾನಿನ ಮಾನದಂಡವಾದ ಜಾಸೋದ ಎಂಎ ದರ್ಜೆ ಎಂದಿರಬೇಕು ಎನ್ನುವುದು ಇದಕ್ಕೇ. ಘರ್ಷಣೆ ಕಡಿಮೆ ಇರುವ ಎಂಬಿ ದರ್ಜೆ ಸ್ಕೂಟರ್‌ಗಳ ಪಾಲಿಗೆ.

ಮಾರುವವರು ಕಡ್ಡಾಯವಾಗಿ ಅಚ್ಚು ಹಾಕಬೇಕಾದ್ದು ಒಂದೇ ಸಂಖ್ಯೆ: ಡಬ್ಬಿಯೊಳಗಿನ ದ್ರವದ, 100 ಡಿಗ್ರಿಯಲ್ಲಿನ ಸ್ನಿಗ್ಧತೆ. ಅದಿಲ್ಲದೆ ‘ಘರ್ಷಣೆ ನಿವಾರಕ’ ಎಂಬ ದೊಡ್ಡಕ್ಷರ ಕೊಳ್ಳುವವರಿಗೆ ಏನನ್ನೂ ತಿಳಿಸುವುದಿಲ್ಲ.