ಮೊದಲು ಕತ್ತಲೆ, ಆಮೇಲೆ ದೂರದರ್ಶಕ

"ಹಬಲ್ ದೂರದರ್ಶಕದ ಚಿತ್ರಗಳು ಅಂತರ್ಜಾಲದಲ್ಲಿ ಬೇಕಾದಷ್ಟಿವೆ, ನೀವೇಕೆ ಚಳಿಯಲ್ಲಿ ನಿದ್ದೆಗೆಡುತ್ತೀರಿ?" ನಮ್ಮ ಸಂಘದ ಕೂಟಗಳಲ್ಲಿ ಈ ಪ್ರಶ್ನೆಯನ್ನು ಹಲವು ಸಲ ಎದುರಿಸಿದ್ದೇನೆ. ಹೀಗೆ ಕೇಳುವವರೇ ಮಕ್ಕಳ ಹುಟ್ಟುಹಬ್ಬಕ್ಕೆ ಅಂಗಡಿಯ ಅತಿ ದೊಡ್ಡ ದೂರದರ್ಶಕವನ್ನು ಕೊಡಿಸುತ್ತಾರೆ. ಆರು ತಿಂಗಳಲ್ಲಿ ಅದು ಗ್ಯಾರೇಜಿನ ಮೂಲೆ ಸೇರುತ್ತದೆ. ನನ್ನ ಮನೆಯಲ್ಲಿಯೂ ಹಾಗೆಯೇ ಆಯಿತು. ಆದುದರಿಂದ ಇದು ಪರೋಪದೇಶವಲ್ಲ. ಈ ಎರಡೂ ನಡವಳಿಕೆಗಳ ಬೇರು ಒಂದೇ: ಆಕಾಶವನ್ನು ಹಣ ಕೊಟ್ಟು ತರಬಹುದಾದ ಸರಕೆಂದು ಭಾವಿಸುವುದು.

ಹೊಸಬರು ತಿಳಿಯಬೇಕಾದ ಮೊದಲ ಸಂಗತಿಯೆಂದರೆ, ದೂರಾಕಾಶದ ಛಾಯಾಗ್ರಹಣದಲ್ಲಿ ಕೊಳವೆಗಿಂತ ಅದನ್ನು ಹೊತ್ತ ಮೌಂಟ್ ಮುಖ್ಯ. ಭೂಮಿ ತಿರುಗುವುದರಿಂದ ನಕ್ಷತ್ರಗಳು ಗಂಟೆಗೆ 15 ಡಿಗ್ರಿಯಷ್ಟು ಸರಿಯುತ್ತವೆ. ಆ ಚಲನೆಯನ್ನು ಹಿಂಬಾಲಿಸದಿದ್ದರೆ ಚುಕ್ಕಿಗಳು ಗೆರೆಗಳಾಗುತ್ತವೆ. ಅದಕ್ಕಾಗಿ ಮೌಂಟಿನ ಅಕ್ಷವನ್ನು ಧ್ರುವ ನಕ್ಷತ್ರದ ದಿಕ್ಕಿಗೆ ಹೊಂದಿಸಬೇಕು. ಬೆಂಗಳೂರಿನಲ್ಲಿ ದಿಗಂತದಿಂದ ಸುಮಾರು 13 ಡಿಗ್ರಿ ಮೇಲಿರುವ ಧ್ರುವ, ಸ್ಯಾನ್ ಡಿಯಾಗೊದಲ್ಲಿ 33, ಲಾಸ್ ಏಂಜಲೀಸ್‌ನಲ್ಲಿ 34 ಡಿಗ್ರಿ ಎತ್ತರದಲ್ಲಿದೆ. ನಾವು ಎಷ್ಟು ದೂರ ಬಂದಿದ್ದೇವೆಂಬುದನ್ನು ಮಗುವಿಗೆ ಇದಕ್ಕಿಂತ ಚೆನ್ನಾಗಿ ಯಾವ ಭೂಪಟ ತಿಳಿಸೀತು?

ದೊಡ್ಡ ಕೊಳವೆಯ ಮೋಹಕ್ಕೂ ಆಧಾರವಿಲ್ಲ. ಆಂಡ್ರೊಮಿಡಾ ಗ್ಯಾಲಕ್ಸಿ 25 ಲಕ್ಷ ಜ್ಯೋತಿರ್ವರ್ಷ ದೂರದಲ್ಲಿದ್ದರೂ ಆಗಸದಲ್ಲಿ ಅದರ ಉದ್ದ ಆರು ಹುಣ್ಣಿಮೆ ಚಂದ್ರರಷ್ಟು. ದೊಡ್ಡ ದೂರದರ್ಶಕದ ಕಿರಿದಾದ ನೋಟದೊಳಗೆ ಅದು ಹಿಡಿಸುವುದಿಲ್ಲ. 60–70 ಮಿಲಿಮೀಟರಿನ ಪುಟ್ಟ ದೂರದರ್ಶಕವೇ ಸಾಕು. ಆಮೇಲೆ ಬೇಕಾದುದು ತಾಳ್ಮೆ. ಹತ್ತಾರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿದಾಗ ಮಾತ್ರ ಕ್ಷೀಣ ಬೆಳಕು ಮೇಲೆ ಬರುತ್ತದೆ. ಚಿತ್ರದ ಕಲಕನ್ನು ಅರ್ಧಕ್ಕಿಳಿಸಲು ನಾಲ್ಕು ಪಟ್ಟು ಚಿತ್ರಗಳು ಬೇಕು. ಈ ಲೆಕ್ಕಕ್ಕೆ ಅಡ್ಡದಾರಿಯಿಲ್ಲ.

ಆದರೆ ಹಿತ್ತಿಲಿನ ಬೆಳಕು ತಾಳ್ಮೆಯನ್ನೂ ಸೋಲಿಸುತ್ತದೆ. "ಫಿಲ್ಟರ್ ಹಾಕಿದರಾಯಿತು" ಎನ್ನುವವರಿದ್ದಾರೆ. ಹೈಡ್ರೋಜನ್ ಹೊಳಪಿನ ಒರಾಯನ್ ನೀಹಾರಿಕೆಯಂಥವುಗಳಿಗೆ ಆ ಮಾತು ಸಲ್ಲುತ್ತದೆ. ಹೊಸಬರು ಅಲ್ಲಿಂದಲೇ ಆರಂಭಿಸಬಹುದು. ಗ್ಯಾಲಕ್ಸಿಯ ಬೆಳಕಾದರೋ ಎಲ್ಲ ಬಣ್ಣಗಳ ಬೆಳಕು. ಎಲ್‌ಇಡಿ ದೀಪದ ಬಿಳಿ ಬೆಳಕಿನಿಂದ ಅದನ್ನು ಸೋಸಿ ತೆಗೆಯಬಲ್ಲ ಫಿಲ್ಟರ್ ಇಲ್ಲ. ನನ್ನ ಹಿತ್ತಿಲಿನಲ್ಲಿ ಬೂದು ಮಬ್ಬಾಗಿದ್ದ ಆಂಡ್ರೊಮಿಡಾ, ಅದೇ ಸಲಕರಣೆಗೆ ಮರುಭೂಮಿಯಲ್ಲಿ ತನ್ನ ಧೂಳಿನ ಪಟ್ಟೆಗಳನ್ನು ತೋರಿತು.

ಇದು ನಮ್ಮ ಊರಿನದೇ ಕಥೆ. ಆ ಹಬಲ್ ದೂರದರ್ಶಕಕ್ಕೆ ಹೆಸರಾದ ಎಡ್ವಿನ್ ಹಬಲ್ 1923ರ ಅಕ್ಟೋಬರಿನಲ್ಲಿ ಪಾಸಡೀನಾದ ಮೇಲಿನ ಮೌಂಟ್ ವಿಲ್ಸನ್ ಬೆಟ್ಟದಲ್ಲಿ, 100 ಅಂಗುಲದ ದೂರದರ್ಶಕದಿಂದ ಆಂಡ್ರೊಮಿಡಾದ ಚಿತ್ರ ತೆಗೆದು, ಅದರಲ್ಲಿ ಹಿಗ್ಗಿ ಕುಗ್ಗುವ ತಾರೆಯೊಂದನ್ನು ಗುರುತಿಸಿದರು. ಅದು ನಮ್ಮ ಆಕಾಶಗಂಗೆಯ ಆಚೆಗಿನ ಲೋಕವೆಂಬುದು ಹಾಗೆ ಸಿದ್ಧವಾಯಿತು. ಬೆಟ್ಟದ ಬುಡದ ಲಾಸ್ ಏಂಜಲೀಸ್ ಬೆಳೆದು ಆ ಕತ್ತಲೆಯನ್ನು ನುಂಗತೊಡಗಿತು. 200 ಅಂಗುಲದ ದೂರದರ್ಶಕಕ್ಕೆ ಸ್ಯಾನ್ ಡಿಯಾಗೊ ಕೌಂಟಿಯ ಪಾಲೊಮಾರ್ ಬೆಟ್ಟವನ್ನು ಅರಸಬೇಕಾಯಿತು. ಉಳಿದಿರುವ ಕತ್ತಲೆಯನ್ನಾದರೂ ನಾವು ಅಲಕ್ಷಿಸಬಾರದು. ಸ್ಯಾನ್ ಡಿಯಾಗೊದಿಂದ ಎರಡು ಗಂಟೆಯ ಆಸುಪಾಸಿನಲ್ಲಿರುವ ಬೊರೆಗೊ ಸ್ಪ್ರಿಂಗ್ಸ್, 2009ರಲ್ಲಿ ಕ್ಯಾಲಿಫೋರ್ನಿಯಾದ ಮೊದಲ ಅಂತರರಾಷ್ಟ್ರೀಯ ಕತ್ತಲಾಗಸದ ಊರೆಂದು ಮನ್ನಣೆ ಪಡೆಯಿತು. ಲಾಸ್ ಏಂಜಲೀಸ್‌ನವರಿಗೆ ಜೋಷುವಾ ಟ್ರೀ ಉದ್ಯಾನವಿದೆ.

ಅಮಾವಾಸ್ಯೆಗೆ ಶುಭಕಾರ್ಯ ಬೇಡವೆನ್ನುವ ನಮಗೂ ದೀಪಾವಳಿಯ ಅಮಾವಾಸ್ಯೆ ಹಬ್ಬವೇ. ಆ ದಿನಗಳ ರಾತ್ರಿ ಆಂಡ್ರೊಮಿಡಾ ನಮ್ಮ ನೆತ್ತಿಯ ಬಳಿಯೇ ಹಾದುಹೋಗುತ್ತದೆ. ಮನೆಯ ಹಣತೆಗಳು ಆಕಾಶಕ್ಕೆ ಕೇಡು ಮಾಡವು. ಬೆಳಗಿನವರೆಗೆ ಉರಿಯುವ ಅಂಗಳದ ಫ್ಲಡ್‌ಲೈಟುಗಳು ಮಾಡುತ್ತವೆ. ಸಂಘದ ಕಾರ್ಯಕಾರಿ ಸಮಿತಿಯಲ್ಲಿ ನನ್ನ ಬೇಡಿಕೆ ಇಷ್ಟೇ: ಹಬ್ಬದ ಕಾರ್ಯಕ್ರಮಪಟ್ಟಿಗೆ ಮರುಭೂಮಿಯ ಒಂದು ರಾತ್ರಿಯನ್ನು ಸೇರಿಸಿರಿ. ಸದಸ್ಯರಲ್ಲಿ ಬೇಡಿಕೆ ಇನ್ನೂ ಚಿಕ್ಕದು: ಮಲಗುವ ಮುನ್ನ ಅಂಗಳದ ದೀಪವನ್ನು ಆರಿಸಿರಿ. ಗ್ಯಾರೇಜಿನ ದೂರದರ್ಶಕವನ್ನು ಅನಂತರ ಹೊರಗೆ ತರೋಣ.